‘ಆರ್ ಯು ಕನ್ವೀನಿಯೆಂಟ್?’ ಎಂದು ಚೀನಾದವರು ಯಾಕೆ ಕೇಳುತ್ತಾರೆ?

ಪ್ರಶ್ನೆ: ಮೇಡಂ, ನಮಸ್ಕಾರ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಪರ್ಚೇಸ್ ನೋಡಿಕೊಳ್ಳುತ್ತೇನೆ. ಬಿಡಿಭಾಗಗಳು ಶೆನ್‌ಜೆನ್‌ನಿಂದ ಬರುತ್ತವೆ. ಅಲ್ಲಿ ಸೇಲ್ಸ್‌ನಲ್ಲಿರುವ ಹೆಣ್ಣುಮಗಳು ಫೋನ್ ಮಾಡುವ ಮೊದಲು ‘ಆರ್ ಯು ಕನ್ವೀನಿಯೆಂಟ್ ನೌ?’ ಎಂದು ಮೆಸೇಜ್ ಹಾಕುತ್ತಾರೆ. ಮೊನ್ನೆ ‘ನನ್ನ ಇಂಗ್ಲಿಷ್ ತಪ್ಪಿದ್ದರೆ ತಿದ್ದಿ’ ಎಂದು ಅವರೇ ಕೇಳಿದರು. ತಪ್ಪು ಅಂತ ಗೊತ್ತಾಗುತ್ತದೆ, ಯಾಕೆ ತಪ್ಪು ಅಂತ ಹೇಳಲು ಬರುತ್ತಿಲ್ಲ. ನೀವು ಚೀನೀ ವಿದ್ಯಾರ್ಥಿಗಳಿಗೇ ಇಂಗ್ಲಿಷ್ ಕಲಿಸುವವರು, ಸ್ವಲ್ಪ ಬಿಡಿಸಿ ಹೇಳುತ್ತೀರಾ?

ಉತ್ತರ: ನಮಸ್ಕಾರ ಸರ್. ಅವರು ಒರಟಾಗಿ ಕೇಳುತ್ತಿಲ್ಲ, ಬಹಳ ವಿನಯದಿಂದಲೇ ಕೇಳುತ್ತಿದ್ದಾರೆ. ಚೀನೀ ಭಾಷೆಯಲ್ಲಿ ‘ನಿ ಫಾಂಗ್‌ಬ್ಯೆನ್ ಮಾ?’ ಎನ್ನುವುದು ದಿನಬಳಕೆಯ ಮಾತು. ‘ನಿ’ ಅಂದರೆ ನೀವು, ‘ಫಾಂಗ್‌ಬ್ಯೆನ್’ ಅಂದರೆ ಅನುಕೂಲ. ಅದನ್ನು ಹಾಗೇ ಇಂಗ್ಲಿಷಿಗೆ ಇಳಿಸಿದ್ದಾರೆ, ಅಷ್ಟೇ.

ಇಂಗ್ಲಿಷಿನಲ್ಲಿ ಕನ್ವೀನಿಯೆಂಟ್ ಆಗುವುದು ಹೊತ್ತು, ಜಾಗ, ಏರ್ಪಾಡು ಅಥವಾ ವಸ್ತು. ಮನುಷ್ಯರು ಆಗುವುದಿಲ್ಲ. ಮನುಷ್ಯರನ್ನು ಹಾಗೆ ಕರೆದರೆ ‘ಬೇಕಾದಾಗ ಬಳಸಿಕೊಳ್ಳಲು ಸಿಗುವವರು’ ಎಂಬ ಕೆಟ್ಟ ಅರ್ಥ ಬರುತ್ತದೆ. ನಿಮಗೆ ಇದು ಕಿವಿಗೆ ಕುಟುಕಿದ್ದಕ್ಕೆ ನಮ್ಮ ಕನ್ನಡವೂ ಕಾರಣ. ನಾವು ‘ನೀವು ಅನುಕೂಲವೇ?’ ಎನ್ನುವುದಿಲ್ಲ, ‘ನಿಮಗೆ ಅನುಕೂಲವೇ?’ ಎನ್ನುತ್ತೇವೆ. ಆ ‘-ಗೆ’ ಮಾಡುವ ಕೆಲಸವನ್ನು ಇಂಗ್ಲಿಷಿನಲ್ಲಿ ‘ಫಾರ್ ಯು’ ಮಾಡುತ್ತದೆ. ಚೀನೀ ಭಾಷೆಯಲ್ಲಿ ವಿಭಕ್ತಿ ಪ್ರತ್ಯಯಗಳೇ ಇಲ್ಲ. ಹಾಗಾಗಿ ಎಡವುತ್ತಾರೆ.

ಅವರಿಗೆ ವ್ಯಾಕರಣ ವಿವರಿಸುತ್ತಾ ಕೂರಬೇಡಿ. ‘ಈಸ್ ದಿಸ್ ಎ ಗುಡ್ ಟೈಮ್?’, ‘ಡಸ್ ತ್ರೀ ಓ ಕ್ಲಾಕ್ ಸೂಟ್ ಯು?’ ಇವೆರಡನ್ನು ಕೊಡಿ. ‘ಈಸ್ ಇಟ್ ಕನ್ವೀನಿಯೆಂಟ್ ಫಾರ್ ಯು?’ ಕೂಡ ಸರಿಯೇ. ಆದರೆ ಚಾಟ್‌ನಲ್ಲಿ ಸ್ವಲ್ಪ ಬಿಗಿಯಾಗಿ ಕೇಳಿಸುತ್ತದೆ. ನನ್ನನ್ನು ಕೇಳಿದರೆ ‘ಆರ್ ಯು ಫ್ರೀ?’ ಸಾಕು.

ಇನ್ನೊಬ್ಬ ಸದಸ್ಯರು: ಮೇಡಂ, ಗ್ವಾಂಗ್‌ಝೌನ ಒಂದು ಹೋಟೆಲಿನ ವಿವರದಲ್ಲಿ ‘ದ ಟ್ರಾಫಿಕ್ ಈಸ್ ವೆರಿ ಕನ್ವೀನಿಯೆಂಟ್’ ಅಂತ ಓದಿದ್ದೆ. ಬೆಂಗಳೂರಿನವನಿಗೆ ಇದು ಜೋಕ್ ಥರ ಕಾಣಿಸಿತು.

ಉತ್ತರ: ಹ್ಹ ಹ್ಹ, ಸಿಲ್ಕ್ ಬೋರ್ಡ್ ದಾಟಿದವರಿಗೆ ಹಾಗೇ ಅನ್ನಿಸಬೇಕು. ಅಲ್ಲಿ ‘ಜ್ಯಾವ್‌ಟೋಂಗ್’ ಎಂಬ ಒಂದೇ ಪದ ರಸ್ತೆಯ ವಾಹನ ಸಂಚಾರಕ್ಕೂ, ಬಸ್ಸು-ಮೆಟ್ರೋ ಸಾರಿಗೆಗೂ ಆಗುತ್ತದೆ. ಅವರು ಹೇಳಹೊರಟಿದ್ದು ‘ಇಲ್ಲಿಗೆ ಬಂದು ಹೋಗುವುದು ಸುಲಭ’ ಎಂದು. ‘ಇಟ್ಸ್ ಈಸಿ ಟು ಗೆಟ್ ಹಿಯರ್’ ಎಂದರೆ ಮುಗಿಯಿತು. ಬ್ರಿಟನ್ನಿನವರು ‘ಕನ್ವೀನಿಯೆಂಟ್ ಫಾರ್ ದ ಸ್ಟೇಷನ್’ ಎನ್ನುತ್ತಾರೆ, ಅಂದರೆ ಸ್ಟೇಷನ್ನಿಗೆ ಹತ್ತಿರ. ಅಲ್ಲೂ ಹತ್ತಿರ ಇರುವುದು ಮನೆ ಅಥವಾ ಹೋಟೆಲು, ಟ್ರಾಫಿಕ್ ಅಲ್ಲ.

ಮೊದಲು ಕೇಳಿದವರು: ಹಾಗಾದರೆ ಇನ್ನೊಂದು. ಅವರ ಪರಿಚಯದ ಒಬ್ಬ ಗಿರಾಕಿ ಬಾಕಿ ಕಟ್ಟದೆ ‘ನಾಟ್ ಕನ್ವೀನಿಯೆಂಟ್’ ಅಂದನಂತೆ. ಇದೇನು, ಟೈಮ್ ಇಲ್ಲ ಅಂತಲಾ?

ಉತ್ತರ: ಅಲ್ಲ ಸರ್, ದುಡ್ಡಿಲ್ಲ ಅಂತ! ‘ಶೋಟೋ ಬು ಫಾಂಗ್‌ಬ್ಯೆನ್’ ಎಂದರೆ ಕೈಯಲ್ಲಿ ಕಾಸಿಲ್ಲ. ಸಾಲ ವಾಪಸ್ ಕೇಳಿದರೆ ನಮ್ಮವರೂ ‘ಈಗ ಸ್ವಲ್ಪ ಅನುಕೂಲ ಇಲ್ಲ’ ಎನ್ನುತ್ತಾರಲ್ವಾ? ಉಳ್ಳವರನ್ನು ‘ಅನುಕೂಲಸ್ಥರು’ ಎನ್ನುವುದೂ ಇದಕ್ಕೇ. ಇಂಗ್ಲಿಷಿನ ಕನ್ವೀನಿಯೆಂಟ್‌ಗೆ ಮಾತ್ರ ಈ ದುಡ್ಡಿನ ಅರ್ಥ ಇಲ್ಲ. ಹಾಗೆಯೇ ವಯಸ್ಸಾದವರ ಬಗ್ಗೆ ‘ಹಿಸ್ ಲೆಗ್ಸ್ ಆರ್ ನಾಟ್ ಕನ್ವೀನಿಯೆಂಟ್’ ಎಂದು ಬರೆಯುತ್ತಾರೆ. ನಡೆಯಲು ಕಷ್ಟ ಎಂದರ್ಥ.

ಊಟದ ಮಧ್ಯೆ ಯಾರಾದರೂ ‘ಫಾಂಗ್‌ಬ್ಯೆನ್’ ಮಾಡಿ ಬರುತ್ತೇನೆ ಎಂದು ಎದ್ದರೆ, ಹೋಗುವುದು ಟಾಯ್ಲೆಟ್‌ಗೆ. ಇದಕ್ಕೆ ನಗಬೇಡಿ. ಬ್ರಿಟನ್ನಿನಲ್ಲೂ ಸಾರ್ವಜನಿಕ ಶೌಚಾಲಯಕ್ಕೆ ‘ಪಬ್ಲಿಕ್ ಕನ್ವೀನಿಯೆನ್ಸ್’ ಎಂಬ ಹೆಸರಿದೆ. ಬಿಸಿನೀರು ಹಾಕಿದರೆ ಆಗಿಬಿಡುವ ನೂಡಲ್ಸ್‌ಗೆ ‘ಫಾಂಗ್‌ಬ್ಯೆನ್‌ಮ್ಯೆನ್’ ಎನ್ನುತ್ತಾರೆ. ಅದು ಇಂಗ್ಲಿಷಿಗೆ ಬಂದಾಗ ‘ಇನ್‌ಸ್ಟಂಟ್’ ಆಗಬೇಕು.

ಮತ್ತೊಬ್ಬ ಸದಸ್ಯೆ: ಈ ಫಾಂಗ್‌ಬ್ಯೆನ್ ಪದಕ್ಕೂ ನಮಗೂ ಏನಾದರೂ ನಂಟು ಇದೆಯಾ ಮೇಡಂ?

ಉತ್ತರ: ಇದೆಯಮ್ಮಾ. ಬೌದ್ಧ ಗ್ರಂಥಗಳನ್ನು ಚೀನೀ ಭಾಷೆಗೆ ತಂದಾಗ ನಮ್ಮ ‘ಉಪಾಯ’ಕ್ಕೆ ಇದೇ ಪದವನ್ನು ಬಳಸಿದರು. ಕುಮಾರಜೀವ ಎಂಬ ಬೌದ್ಧ ಭಿಕ್ಷು ಕ್ರಿ.ಶ. 406ರಲ್ಲಿ ಅನುವಾದಿಸಿದ ಸದ್ಧರ್ಮಪುಂಡರೀಕ ಸೂತ್ರದ ಎರಡನೇ ಅಧ್ಯಾಯ ‘ಉಪಾಯಕೌಶಲ್ಯ’. ಅಲ್ಲಿ ಅದರ ಹೆಸರು ‘ಫಾಂಗ್‌ಬ್ಯೆನ್’ ಅಧ್ಯಾಯ.

ಮೊದಲು ಕೇಳಿದವರು: ಕೊನೆಯದಾಗಿ ಮೇಡಂ, ಲೋಡ್ ತಡವಾದಾಗ ನಾನು ‘ಹೌ ಕನ್ವೀನಿಯೆಂಟ್!’ ಅಂತ ಬರೆದಿದ್ದೆ. ಅವರು ‘ಥ್ಯಾಂಕ್ ಯು’ ಅಂದರು.

ಉತ್ತರ: ಅಂದೇ ಅನ್ನುತ್ತಾರೆ! ‘ನಿಮಗೆ ಬೇಕಾದ ಹಾಗೇ ಆಯಿತಲ್ಲ’ ಎಂಬ ಕುಹಕ ಫಾಂಗ್‌ಬ್ಯೆನ್‌ನಲ್ಲಿ ಇಲ್ಲ. ನೀವು ಹೊಗಳಿದಿರಿ ಅಂದುಕೊಂಡಿದ್ದಾರೆ. ತಡ ಆಗಿದ್ದರೆ ‘ದ ಶಿಪ್‌ಮೆಂಟ್ ಈಸ್ ಲೇಟ್, ವೆನ್ ವಿಲ್ ಇಟ್ ಕಮ್?’ ಎಂದು ನೇರವಾಗಿ ಕೇಳಿ.