‘ಹೈ ಆಸ್ಪೆಕ್ಟ್’ ಫಾಯಿಲ್ ಅನ್ನು ‘ನೀಳರೆಕ್ಕೆ’ ಎನ್ನಬಹುದೇ?

ವಿಂಗ್ ಫಾಯಿಲಿಂಗ್ ಆಟದ ಹೊಸ ಸಲಕರಣೆಯೊಂದನ್ನು ಮಂದಗಾಳಿಯಲ್ಲಿ ಬಳಸಿ ನೋಡಿದ ಅನುಭವವನ್ನು ಕನ್ನಡದಲ್ಲಿ ಬರೆದಿಡಲು ಹೊರಟಾಗ ಎದುರಾದ ಪದಗಳ ತೊಡಕನ್ನು ಬಲ್ಲವರ ಮುಂದಿಡುತ್ತಿದ್ದೇನೆ. ಈ ಆಟದಲ್ಲಿ ಸವಾರರು ಗಾಳಿ ತುಂಬಿದ ರೆಕ್ಕೆಯೊಂದನ್ನು ಕೈಯಲ್ಲಿ ಹಿಡಿದು ಹಲಗೆಯ ಮೇಲೆ ನಿಲ್ಲುತ್ತಾರೆ. ಹಲಗೆಯ ಅಡಿಯಲ್ಲೊಂದು ಕಂಬ, ಕಂಬದ ತುದಿಯಲ್ಲಿ ನೀರೊಳಗೆ ಇನ್ನೊಂದು ರೆಕ್ಕೆ, ಇದೇ ಫಾಯಿಲ್. ವೇಗ ಸಾಕಷ್ಟಾದಾಗ ಈ ಒಳಗಿನ ರೆಕ್ಕೆಯೇ ಹಲಗೆಯನ್ನು ನೀರಿನಿಂದ ಮೇಲೆತ್ತುತ್ತದೆ. ಎರಡನ್ನೂ ಬರೀ ರೆಕ್ಕೆ ಎಂದರೆ ಗೊಂದಲವಾಗುವುದರಿಂದ ಕೈರೆಕ್ಕೆ, ಅಡಿರೆಕ್ಕೆ ಎಂದು ಬರೆದುಕೊಂಡಿದ್ದೇನೆ. ಅದರಲ್ಲಿ ನನಗೆ ಸಂದೇಹವಿಲ್ಲ.

ಸಂದೇಹವಿರುವುದು ‘ಹೈ ಆಸ್ಪೆಕ್ಟ್’ ಎಂಬ ವಿಶೇಷಣದಲ್ಲಿ. ಅಡಿರೆಕ್ಕೆಯ ಒಂದು ತುದಿಯಿಂದ ಇನ್ನೊಂದು ತುದಿಯವರೆಗಿನ ಅಳತೆಯ ವರ್ಗವನ್ನು ಅದರ ವಿಸ್ತೀರ್ಣದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಆಸ್ಪೆಕ್ಟ್ ರೇಶಿಯೊ. 80 ಸೆಂ.ಮೀ. ಅಳತೆಯ, 1600 ಚದರ ಸೆಂ.ಮೀ. ವಿಸ್ತೀರ್ಣದ ರೆಕ್ಕೆಗೆ ಅದು 4, 110 ಸೆಂ.ಮೀ. ಅಳತೆಯ, 1100 ಚದರ ಸೆಂ.ಮೀ. ವಿಸ್ತೀರ್ಣದ ರೆಕ್ಕೆಗೆ 11. ಈ ಸಂಖ್ಯೆ ದೊಡ್ಡದಿರುವ ರೆಕ್ಕೆಯೇ ‘ಹೈ ಆಸ್ಪೆಕ್ಟ್’. ಇದನ್ನು ‘ಉದ್ದಗಲಗಳ ಅನುಪಾತ’ ಎಂದುಬಿಡೋಣವೆಂದರೆ, ಇಲ್ಲಿ ಉದ್ದ ಯಾವುದು, ಅಗಲ ಯಾವುದು ಎಂಬುದೇ ಕನ್ನಡದಲ್ಲಿ ಇತ್ಯರ್ಥವಾಗುವುದಿಲ್ಲ. ಹಕ್ಕಿ ರೆಕ್ಕೆ ಅಗಲಿಸಿತು ಎನ್ನುವಾಗ ತುದಿಯಿಂದ ತುದಿಗಿರುವುದು ಅಗಲ. ಅದೇ ರೆಕ್ಕೆಯನ್ನು ಬಿಚ್ಚಿ ಮೇಜಿನ ಮೇಲಿಟ್ಟರೆ ಆ ಅಳತೆಯನ್ನು ಎಲ್ಲರೂ ಉದ್ದವೆಂದೇ ಹೇಳುತ್ತಾರೆ. ‘ಹರವು’ ಎಂದರೂ ಕೆಲವರಿಗೆ ವಿಸ್ತೀರ್ಣವೇ ನೆನಪಾಗುತ್ತದೆ.

ಆದ್ದರಿಂದ ನನ್ನ ಒಲವು ‘ನೀಳ’ ಎಂಬ ಪದದತ್ತ. ನೀಳ ಬೆರಳು, ನೀಳ ಮೂಗು ಎನ್ನುವಾಗ ನಾವು ಬರಿಯ ಉದ್ದವನ್ನು ಹೇಳುತ್ತಿಲ್ಲ. ಉದ್ದವಿದ್ದೂ ದಪ್ಪಗಿರುವ ಬೆರಳನ್ನು ಯಾರೂ ನೀಳವೆನ್ನುವುದಿಲ್ಲ. ಅಂದರೆ ದಪ್ಪಕ್ಕೆ ಹೋಲಿಸಿದ ಉದ್ದ, ಒಂದು ಬಗೆಯ ಅನುಪಾತವೇ, ಈ ಪದದೊಳಗೆ ಆಗಲೇ ಅಡಗಿದೆ. ‘ನಿಡುರೆಕ್ಕೆ’ಯೂ ಕಿವಿಗೆ ಹಿತವೇ, ಆದರೆ ನಿಡುಸುಯ್ಲಿನ ‘ನಿಡು’ವಿನಲ್ಲಿ ಈ ತೆಳುವಿನ ಛಾಯೆ ನನಗೆ ಕಾಣದು. ನೀಳ್ಗತೆಯಲ್ಲಿಯೂ ಅದಿಲ್ಲವೆಂದು ಯಾರಾದರೂ ಆಕ್ಷೇಪಿಸಿದರೆ ಒಪ್ಪಲೇಬೇಕು. ಸಂಖ್ಯೆಗೆ ‘ನೀಳತೆ’ ಎಂದರೆ ‘ಇದರ ನೀಳತೆ 11’ ಎಂದು ಸಲೀಸಾಗಿ ಬರೆಯಬಹುದು, ಎದುರುಪದವಾಗಿ ‘ಮೋಟುರೆಕ್ಕೆ’ಯನ್ನು ಇಟ್ಟುಕೊಳ್ಳಬಹುದು.

ಆ ದಿನ ಗಾಳಿ 10 ನಾಟ್, ಅಂದರೆ ಗಂಟೆಗೆ ಸುಮಾರು 18 ಕಿ.ಮೀ. ದಾಟಿರಲಿಲ್ಲ. ಮೋಟುರೆಕ್ಕೆಗಿಂತ ನೀಳರೆಕ್ಕೆ ಏಳುವುದಕ್ಕೆ ಹೆಚ್ಚು ವೇಗ ಬೇಡಿತು. ಎದ್ದ ಮೇಲೆ ಹಲಗೆಗೆ ನೀರು ಬಡಿಯುವ ಸದ್ದು ಒಮ್ಮೆಗೇ ನಿಂತು, ಗಾಳಿ ಸತ್ತ ಜಾಗದಲ್ಲೂ ಅದು ಸಾಗುತ್ತಲೇ ಇತ್ತು. ರೆಕ್ಕೆಯ ತುದಿಗಳಲ್ಲಿ ನೀರು ಕೆಳಗಿನಿಂದ ಮೇಲಕ್ಕೆ ಸುಳಿಸುತ್ತಿ ನುಸುಳುವುದರಿಂದ ಆಗುವ ಎಳೆತ ನೀಳರೆಕ್ಕೆಯಲ್ಲಿ ಕಡಿಮೆಯಿರುವುದೇ ಇದಕ್ಕೆ ಮುಖ್ಯ ಕಾರಣ. ಈ ಸಾಗುವಿಕೆಯನ್ನು ‘ತೇಲು’ ಎನ್ನಲು ಮನಸ್ಸಾದರೂ, ಏಳುವ ಮೊದಲು ನೀರಿನ ಮೇಲಿದ್ದ ಹಲಗೆಯೂ ತೇಲುತ್ತಲೇ ಇತ್ತಲ್ಲ!

ಇನ್ನೊಂದು ಪದ ‘ಪಂಪ್ ಮಾಡು’. ದಡದಲ್ಲಿ ಕೈರೆಕ್ಕೆಗೆ ಗಾಳಿ ತುಂಬುವುದಕ್ಕೂ ಇದೇ ಮಾತು, ನೀರಿನ ಮೇಲೆ ಮೊಣಕಾಲು ಮಡಿಸಿ ಹಲಗೆಯನ್ನು ಲಯಬದ್ಧವಾಗಿ ಒತ್ತಿ ಸಡಿಲಿಸಿ ವೇಗ ಗಳಿಸುವುದಕ್ಕೂ ಇದೇ ಮಾತು. ಎರಡನೆಯದನ್ನು ಮಾಡುತ್ತಿರುವಾಗಲೇ, ಉಯ್ಯಾಲೆಯ ಹಲಗೆಯ ಮೇಲೆ ನಿಂತು ಮಾಡುತ್ತಿದ್ದುದೂ ಹೆಚ್ಚುಕಡಿಮೆ ಇದನ್ನೇ ಎಂದು ಹೊಳೆಯಿತು. ಅದಕ್ಕೆ ‘ಜೀಕು’ ಎಂಬ ಅಚ್ಚುಕಟ್ಟಾದ ಕ್ರಿಯಾಪದವಿದೆ. ‘ಗಾಳಿ ಬಿದ್ದಾಗ ನಾಲ್ಕು ಸಲ ಜೀಕಿದರೆ ನೀಳರೆಕ್ಕೆ ಮುಂದಿನ ಗಾಳಿಯವರೆಗೂ ಒಯ್ಯುತ್ತದೆ’ ಎಂಬ ವಾಕ್ಯ ನನಗಂತೂ ಸಹಜವಾಗಿ ಕೇಳಿಸುತ್ತದೆ.

ನನ್ನ ಪ್ರಶ್ನೆಗಳು ಮೂರು. ಅಗಲವಾದ ವಸ್ತುವಿಗೂ ‘ನೀಳ’ವೆನ್ನುವ ರೂಢಿ ಯಾರ ಮಾತಿನಲ್ಲಾದರೂ ಇದೆಯೇ? ಉಯ್ಯಾಲೆಯಾಚೆಗೆ ‘ಜೀಕು’ ಬೇರೆಲ್ಲಿ ಬಳಕೆಯಾಗುತ್ತದೆ? ವೇಗ ಕುಗ್ಗಿ ರೆಕ್ಕೆಯ ಎತ್ತುಬಲ ತಟ್ಟನೆ ಕೈಕೊಡುವುದನ್ನು, ಅಂದರೆ ‘ಸ್ಟಾಲ್’ ಆಗುವುದನ್ನು, ಒಂದೇ ಕ್ರಿಯಾಪದದಲ್ಲಿ ಹೇಳುವುದು ಹೇಗೆ? ‘ಕುಸಿ’ ಎಂದರೆ ಬೀಳುವುದಷ್ಟೇ ತಿಳಿಯುತ್ತದೆ, ಬೀಳುವ ಕಾರಣ ತಿಳಿಯುವುದಿಲ್ಲ.