ಅಪ್‌ಡೇಟ್: ಅಜ್ಜಿಯ ಗೋಪುರ ಚೌಕಟ್ಟಿನೊಳಗೆ ಕೂತಿತು

ಅಜ್ಜಿಯ ಇಳಕಲ್ ಸೀರೆಯ ಕಸೂತಿ ಗೋಪುರವನ್ನು ಗ್ರಾಫ್ ಹಾಳೆಗೆ ಇಳಿಸಿದ್ದೇನೆ, ಐದು ಇಂಚಿನ ಚೌಕಟ್ಟಿಗೆ ಹಿಡಿಸುತ್ತಿಲ್ಲ, ಏನು ಮಾಡಲಿ ಎಂದು ಕೇಳಿದ್ದೆ. ನಕ್ಷೆ ಕತ್ತರಿಸಬೇಡಿ, ಬಟ್ಟೆ ಬದಲಿಸಿ ಎಂದವರಿಗೆ ಕೈಮುಗಿಯುತ್ತೇನೆ. ನಕ್ಷೆಯ ಅಗಲ 84 ಮನೆ (ಗ್ರಾಫಿನ ಒಂದು ಚೌಕ ಒಂದು ಮನೆ). ಇಂಚಿಗೆ 14 ಮನೆಯ ಐಡಾದಲ್ಲಿ, ಅಂದರೆ ಎಣಿಸಿ ಹೊಲಿಯಲು ಚೌಕಚೌಕವಾಗಿ ನೇಯ್ದ ಬಟ್ಟೆಯಲ್ಲಿ, ಆರು ಇಂಚು ಆಗುತ್ತಿತ್ತು. 18 ಮನೆಯದರಲ್ಲಿ ನಾಲ್ಕೂಮುಕ್ಕಾಲು ಇಂಚಿನೊಳಗೇ ಮುಗಿಯಿತು. ದಾರವೂ ಎರಡೆಳೆಯ ಬದಲು ಒಂದೆಳೆ ಸಾಕಾಯಿತು.

ಕಸೂತಿಯ ಮೆಂತಿ ಹೊಲಿಗೆ ಅಂದರೆ ಎರಡು ಓರೆ ಎಳೆಗಳ × ಆಕಾರದ ಹೊಲಿಗೆ; ಅದರಲ್ಲಿ ಮೇಲಿನ ಎಳೆಗಳೆಲ್ಲ ಒಂದೇ ದಿಕ್ಕಿಗೆ ವಾಲಬೇಕು. ಒಂದು ಮೂಲೆಯಲ್ಲಿ ಮರೆತು ತಿರುಗಿಸಿ ಹಾಕಿದ್ದೆ. ಕಿಟಕಿಯ ಬೆಳಕಿಗೆ ಹಿಡಿದಾಗ ಆ ತುಂಡು ಮಾತ್ರ ಮಂಕಾಗಿ ಕಂಡಿತು. ಬಿಚ್ಚಿ ಮತ್ತೆ ಹೊಲಿದೆ.

ಕಳಶದ ಪಕ್ಕ ಅಜ್ಜಿ ಒಂದು ಮನೆ ತಪ್ಪಿಸಿದ್ದಳು. ಅದನ್ನು ಹಾಗೆಯೇ ಉಳಿಸಿದ್ದೇನೆ. ನಕ್ಷೆಯನ್ನು ಯಾರು ಬೇಕಾದರೂ ಹೊಲಿದುಕೊಳ್ಳಿ, ಆ ಒಂದು ಮನೆಯನ್ನು ಮಾತ್ರ ದಯವಿಟ್ಟು ತಿದ್ದಬೇಡಿ.