ಕೆನೆಬಿಳಿ ಮುಂಬಾಗಿಲು ಯಾವ ಗೋಡೆಗೆ ಹೇಗೆ ಹೊಂದುತ್ತೆ? ಹೊಡೆಸಿದವರು ಅನುಭವ ಹೇಳಿ

ಕೇಳಿದವರು:

ಎಲ್ಲರಿಗೂ ನಮಸ್ಕಾರ. ನಮ್ಮ ಮುಂಬಾಗಿಲಿಗೆ ಇಷ್ಟು ವರ್ಷ ಕಡು ಕಂದು ಬಣ್ಣ ಇತ್ತು. ಬಿಸಿಲಿಗೆ ಈಗ ಹಕ್ಕಳೆ ಎದ್ದು ಉದುರ್ತಿದೆ. ಈ ಸಲ ಹಾಲಿನ ಕೆನೆ ಥರದ ಬೆಚ್ಚನೆಯ ಆಫ್ ವೈಟ್ ಹೊಡೆಸೋಣ ಅಂತ ನನಗೆ ತುಂಬಾ ಆಸೆ. ನಮ್ಮ ಮನೆಯವರು "ಬಿಳಿ ಅಂದ್ರೆ ಬಿಳೀನೇ ಇರ್ಲಿ" ಅಂತಿದ್ದಾರೆ. ಗೋಡೆ ತಿಳಿ ಬೂದು, ಚೌಕಟ್ಟು ಅಪ್ಪಟ ಬಿಳಿ, ಹಿಡಿಕೆ ಸ್ಟೀಲಿನದು. ಶೇಡ್ ಕಾರ್ಡಿನಲ್ಲಿ ಮುದ್ದಾಗಿ ಕಂಡ ಬಣ್ಣವನ್ನೇ ಬಾಗಿಲ ಹತ್ತಿರ ಹಿಡಿದು ನೋಡಿದ್ರೆ ಹಳೇ ಪುಸ್ತಕದ ಹಾಳೆ ಥರ ಕಾಣ್ತು. ನಾನು ಆರಿಸಿದ ಬಣ್ಣವೇ ಸರಿಯಿಲ್ವಾ, ಇಲ್ಲಾ ಬೇರೇನಾದ್ರೂ ಬದಲಾಯಿಸ್ಬೇಕಾ? ನನ್ನ ತಂಗಿಯದು ಕೆಂಪಿಟ್ಟಿಗೆ ಮನೆ, ಅವಳಿಗೂ ಇದೇ ಬಣ್ಣದ ಮೇಲೆ ಕಣ್ಣು. ಹಾಗಾಗಿ ನಿಮ್ಮ ಗೋಡೆ ಎಂಥದೇ ಇರಲಿ, ದಯವಿಟ್ಟು ಹೇಳಿ.

ಬೂದು ಗೋಡೆ ಮನೆಯವರು:

ಮೇಡಂ, ತಪ್ಪು ಬಣ್ಣದ್ದಲ್ಲ, ಚೌಕಟ್ಟಿನದು. ನಾವೂ ಅಪ್ಪಟ ಬಿಳಿ ಚೌಕಟ್ಟಿನ ಒಳಗೆ ಕೆನೆಬಿಳಿ ಕದ ನಿಲ್ಲಿಸಿದ್ವಿ. ಬಣ್ಣ ಒಣಗಿದ ಮಾರನೇ ದಿನ ಮನೆಗೆ ಬಂದವರೊಬ್ಬರು ಬಾಗಿಲು ಸವರಿ, "ಒರೆಸಿದ್ರೆ ಹೋಗುತ್ತೇನೋ" ಅಂದ್ರು. ಹೊಸ ಬಣ್ಣದ ಬಗ್ಗೆ! ತುಂಬಾ ನೋವಾಯ್ತು. ಪಕ್ಕದಲ್ಲಿ ತನಗಿಂತ ಬೆಳ್ಳಗಿರೋದು ಇದ್ರೆ ಕೆನೆಬಿಳಿ ಬಿಳಿಯಾಗಿ ಉಳಿಯೋದೇ ಇಲ್ಲ, ಹಳದಿಗೆ ಇಳಿಯುತ್ತೆ. ಶೇಡ್ ಕಾರ್ಡಿನಲ್ಲಿ ಅದರ ನೆರೆಯಲ್ಲಿ ಇದ್ದದ್ದು ಅದಕ್ಕಿಂತ ಗಾಢವಾದ ಕೆನೆಗಳು, ಅದಕ್ಕೇ ಅಲ್ಲಿ ಬೆಳ್ಳಗೆ ಕಂಡಿದ್ದು.

ಇದು ಹಳೇ ವಿಷಯ. ಫ್ರಾನ್ಸಿನ ಗೊಬ್ಲಾಂ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣಗಾರಿಕೆ ವಿಭಾಗದ ಮುಖ್ಯಸ್ಥರಾಗಿದ್ದ ರಸಾಯನಶಾಸ್ತ್ರಜ್ಞ ಶೆವ್ರೊಲ್ ಅವರ ಹತ್ತಿರ, ಕಪ್ಪು ನೂಲು ಗಾಢವಾಗಿಲ್ಲ ಅಂತ ದೂರು ಹೋಗಿತ್ತು. ಅವರು ಪರೀಕ್ಷೆ ಮಾಡಿ ನೋಡಿದ್ರೆ ಕಪ್ಪು ಸರಿಯಾಗೇ ಇತ್ತು, ಪಕ್ಕದ ನೂಲುಗಳ ಬಣ್ಣ ಅದನ್ನ ಸಪ್ಪೆ ಮಾಡ್ತಿತ್ತು. 1839ರಲ್ಲಿ ಅವರು ಇದರ ಮೇಲೆ ದೊಡ್ಡ ಗ್ರಂಥವನ್ನೇ ಪ್ರಕಟಿಸಿದ್ರು. ಅಕ್ಕಪಕ್ಕದ ಎರಡು ಬಣ್ಣಗಳು ಒಂದನ್ನೊಂದು ತನ್ನ ಎದುರು ಬಣ್ಣದ, ಅಂದ್ರೆ ಬಣ್ಣದ ಚಕ್ರದಲ್ಲಿ ತನ್ನ ಎದುರಿಗೆ ಬರೋ ಬಣ್ಣದ, ಕಡೆಗೆ ತಳ್ಳುತ್ತವೆ. ನಿಮ್ಮ ಬೂದು ಗೋಡೆಯಲ್ಲಿ ನೀಲಿ ಅಂಶ ಇದ್ರೆ ಬಾಗಿಲು ಇರೋದಕ್ಕಿಂತ ಹೆಚ್ಚು ಹಳದಿ-ಕಿತ್ತಳೆಯಾಗಿ ಕಾಣೋದು ಇದಕ್ಕೇ.

ನಾವು ಮಾಡಿದ್ದು ಇಷ್ಟು. ಚೌಕಟ್ಟಿಗೂ ಕದದ ಬಣ್ಣವನ್ನೇ ಹೊಡೆಸಿದ್ವಿ. ಪಕ್ಕದಲ್ಲಿ ಹೋಲಿಸೋಕೆ ಬೇರೆ ಬಿಳಿಯೇ ಇಲ್ಲವಾಯ್ತು, ಆ ಕೊಳಕು ಕಳೆ ಅಂದೇ ಹೋಯ್ತು. ಬಾಗಿಲೂ ಅಗಲವಾಗಿ ಕಾಣ್ತು. ಬಣ್ಣವನ್ನೂ ಒಂದು ಹೆಜ್ಜೆ ಸರಿಸಿದ್ವಿ: ಹಳದಿ ಕಡಿಮೆ, ಚೂರು ಕಂದು-ಬೂದು ಬೆರೆತ ಕೆನೆ. ಬೂದು ಗೋಡೆಗೆ ಅದೇ ಬಂಧು.

ಕೆಂಪಿಟ್ಟಿಗೆ ಮನೆಯವರು:

ನಿಮ್ಮ ತಂಗಿಗೆ ಹೇಳಿ, ಅವರದೇ ಅದೃಷ್ಟ. ಇಟ್ಟಿಗೆಯ ಪಕ್ಕದಲ್ಲಿ ಕೆನೆಬಿಳಿಗೆ ಸಿಗೋ ಶೋಭೆ ಬೇರೆ ಗೋಡೆಗೆ ಸಿಗಲ್ಲ. ಮೇಲಿನವರು ಹೇಳಿದ ಲೆಕ್ಕವೇ ಇಲ್ಲಿ ಉಲ್ಟಾ ಕೆಲಸ ಮಾಡುತ್ತೆ. ಕೆಂಪು-ಕಿತ್ತಳೆಯ ಎದುರು ಬಣ್ಣ ನೀಲಿ-ಹಸಿರು, ಬಾಗಿಲು ಆ ಕಡೆಗೆ ಒಂಚೂರು ವಾಲುತ್ತೆ, ಹಳದಿ ತಣ್ಣಗಾಗುತ್ತೆ. ಹಾಗಾಗಿ ಅವರು ನಿಮಗಿಂತ ಒಂದು ಶೇಡ್ ಗಾಢವಾದ ಕೆನೆಗೇ ಹೋಗಬಹುದು. ತೀರಾ ತೆಳುವಾದದ್ದು ಹೊಡೆದ್ರೆ ಇಟ್ಟಿಗೆ ಎದುರು ಸುಣ್ಣ ಬಳಿದ ಹಲಗೆ ಥರ ಬಿಳಿಚಿಕೊಂಡು ಕಾಣುತ್ತೆ.

ಬಣ್ಣ ಆರಿಸೋಕೆ ನಾನು ಶೇಡ್ ಕಾರ್ಡ್ ಬಿಟ್ಟು ಇಟ್ಟಿಗೆ ನಡುವಿನ ಗಾರೆ ನೋಡಿದೆ. ದೂರದಿಂದ ಅದು ಬೂದು. ಹತ್ತಿರ ಹೋಗಿ ಉಗುರಿನಿಂದ ಕೆರೆದು, ಉದುರಿದ ಪುಡಿಯನ್ನ ಅಂಗೈಯಲ್ಲಿ ಹಿಡಿದು ನೋಡಿದ್ರೆ ಅದರಲ್ಲಿ ಮರಳಿನ ಹೊಂಬಣ್ಣದ ಕಾಳು, ಬಿಳಿ ಕಾಳು, ಅಲ್ಲೊಂದು ಇಲ್ಲೊಂದು ಕಂದು. ಅದರಲ್ಲಿ ತಿಳಿಯಾದ ಕಾಳಿಗೆ ಹತ್ತಿರದ ಬಣ್ಣ ಆರಿಸಿದೆ. ಬಾಗಿಲು ಗೋಡೆಯಿಂದಲೇ ಹುಟ್ಟಿದ ಹಾಗೆ ಕೂತಿದೆ. ಹಿತ್ತಾಳೆ ಹಿಡಿಕೆ ಹಾಕಿದ್ದೇನೆ, ಮೆರುಗು ಲೇಪ ಇಲ್ಲದ್ದು. ಅದು ಕಂದು ತಿರುಗಿದಷ್ಟೂ ಇಟ್ಟಿಗೆಗೆ ಹತ್ತಿರವಾಗ್ತಿದೆ. ಕೀಲುಗಳು ಮಾತ್ರ ಸ್ಟೀಲ್ ಉಳಿದುಬಿಟ್ಟವು. ಬಾಗಿಲು ತೆರೆದಾಗಲೆಲ್ಲ ಕಣ್ಣಿಗೆ ಚುಚ್ಚುತ್ತೆ. ಹಿಡಿಕೆ ಬದಲಾಯಿಸೋರು ಕೀಲನ್ನೂ ಜೊತೆಗೇ ಬದಲಾಯಿಸಿ.

ಬಿಳಿ ಗೋಡೆ ಮನೆಯವರು:

ನನ್ನದು ಸೋತ ಅನುಭವ, ಆದ್ರೂ ಹೇಳ್ತೀನಿ. ಹೊಳೆಯೋ ಬಿಳಿ ಗೋಡೆ, ಅದರಲ್ಲಿ ಕೆನೆಬಿಳಿ ಬಾಗಿಲು. ಮೋಡ ಇದ್ದ ದಿನ ಚೆಂದ, ಬಿಸಿಲು ಬಂತು ಅಂದ್ರೆ ಮಾಸಿದ ಬಟ್ಟೆ. ಎರಡು ವರ್ಷ ಸಹಿಸಿಕೊಂಡೆ. ಕೊನೆಗೆ ಬಾಗಿಲು ಮುಟ್ಟಲಿಲ್ಲ, ಚೌಕಟ್ಟಿನ ಬಣ್ಣ ಕೆರೆಸಿ ಬರೀ ಮರ ಕಾಣೋ ಹಾಗೆ ಎಣ್ಣೆ ಹಚ್ಚಿಸಿದೆ. ಬಿಳಿಗೂ ಕೆನೆಗೂ ನಡುವೆ ನಾಲ್ಕು ಬೆರಳು ಕಂದು ಬಂದ ಮೇಲೆ ಎರಡೂ ಒಂದರ ತಂಟೆಗೆ ಒಂದು ಹೋಗ್ತಿಲ್ಲ. ಬಿಳಿ ಗೋಡೆ ಇದ್ದೋರು ಹೀಗೊಂದು ಗಡಿ ಹಾಕಿಕೊಳ್ಳಿ, ಇಲ್ಲಾ ಈ ಬಣ್ಣ ಬಿಟ್ಟುಬಿಡಿ.

ಕಡು ಬಣ್ಣದ ಗೋಡೆಯವರು:

ಇದ್ದಿಲು ಬಣ್ಣದ ಗೋಡೆಗೆ ಕೆನೆ ಬಾಗಿಲು ಅಂದ್ರೆ ಕತ್ತಲಲ್ಲಿ ದೀಪ ಇಟ್ಟ ಹಾಗೆ. ಎಚ್ಚರ ಒಂದೇ. ಕೆಲವು ಕಂಪನಿಗಳ ಡಬ್ಬಿ ಮೇಲೆ ಅಥವಾ ಕಾರ್ಡಿನ ಹಿಂದೆ ಎಲ್‌ಆರ್‌ವಿ ಅಂತ ಒಂದು ಅಂಕಿ ಇರುತ್ತೆ, ಬಣ್ಣ ಎಷ್ಟು ಬೆಳಕನ್ನ ಹಿಂದಿರುಗಿಸುತ್ತೆ ಅನ್ನೋದರ ಅಳತೆ, 0ಯಿಂದ 100ರವರೆಗೆ. ನಮ್ಮ ಗೋಡೆಯದು 10ರೊಳಗೆ. ಮೊದಲು ಹೊಡೆಸಿದ ಕೆನೆಬಿಳಿ 80ರ ಮೇಲಿತ್ತು, ಬಿಸಿಲಲ್ಲಿ ಶುದ್ಧ ಬಿಳಿಯಾಗೇ ಕಾಣ್ತು, ಕೆನೆಯ ಸುಳಿವೇ ಇಲ್ಲ. ಆಮೇಲೆ 70ರ ಆಸುಪಾಸಿನದಕ್ಕೆ ಇಳಿದ್ವಿ. ಈಗ ಕೆನೆ ಅಂತ ಗೊತ್ತಾಗುತ್ತೆ. ಚೌಕಟ್ಟನ್ನ ಗೋಡೆ ಬಣ್ಣದಲ್ಲೇ ಮುಳುಗಿಸಿ, ಕದವೊಂದೇ ಎದ್ದು ಕಾಣಲಿ.

ಕಲ್ಲು ಮನೆಯವರು:

ಕಲ್ಲಿಗೆ ನೀರು ಚಿಮುಕಿಸಿ ನೋಡಿ ಅಕ್ಕ. ಒಣ ಕಲ್ಲು ತನ್ನ ಬಣ್ಣ ಬಿಟ್ಟುಕೊಡಲ್ಲ. ನಮ್ಮದು ಬೂದು ಕಲ್ಲು ಅಂದುಕೊಂಡಿದ್ವಿ, ಒದ್ದೆಯಾದಾಗ ಗುಲಾಬಿ ಕಣಗಳು ಎದ್ದವು. ಹಸಿರು ಛಾಯೆಯ ಆಫ್ ವೈಟ್ ಆರಿಸಿಟ್ಟಿದ್ವಿ, ಅದನ್ನ ಕೈಬಿಟ್ಟು ಚೂರೇ ಚೂರು ಕೆಂಪು ಬೆರೆತದ್ದಕ್ಕೆ ಹೋದ್ವಿ. ಹಿಡಿಕೆ ಕಪ್ಪು ಕಬ್ಬಿಣದ್ದು. ಪಕ್ಕದ ಮನೆಯದು ಮರದ ಹಲಗೆ ಹೊದಿಸಿದ ಗೋಡೆ. ಅಲ್ಲಿ ಹಳದಿ ಕೆನೆ ಹಾಕಿ ಇಡೀ ಮುಂಭಾಗ ಜೇನು ಸುರಿದ ಹಾಗಾಗಿತ್ತು, ಬೂದು ಬೆರೆತ ಕೆನೆ ಹಾಕಿದ ಮೇಲೆ ಸರಿಹೋಯ್ತು.

ಬಣ್ಣದ ಕೆಲಸ ಮಾಡೋರು:

ನಾನು ಪೇಂಟರ್. ಎಲ್ಲರೂ ಶೇಡ್ ಬಗ್ಗೆ ಹೇಳಿದ್ರಿ, ನಾನು ಕೆಳಗಿನ ಕೆಲಸದ ಬಗ್ಗೆ ಹೇಳ್ತೀನಿ. ಕಡು ಬಣ್ಣ ಮುಚ್ಚಿಡೋ ತಪ್ಪನ್ನೆಲ್ಲ ತಿಳಿ ಬಣ್ಣ ಎತ್ತಿ ತೋರಿಸುತ್ತೆ.

ಹಕ್ಕಳೆ ಎದ್ದಿದೆ ಅಂದ್ರಲ್ಲ, ಅದರ ಮೇಲೆ ಹೊಡೆಸಬೇಡಿ. ಕೆರೆದು, 120ರ ಉಪ್ಪುಕಾಗದದಲ್ಲಿ ಉಜ್ಜಿ, ಪುಟ್ಟಿ ತುಂಬಿ, 220ರಲ್ಲಿ ನಯ ಮಾಡಿ. ಧೂಳನ್ನ ಒದ್ದೆ ಬಟ್ಟೆಯಲ್ಲಿ ತೆಗೆದು ಪೂರ್ತಿ ಒಣಗಲಿ. ಆಮೇಲೆ ಪ್ರೈಮರ್. ಮರದ ಗಂಟುಗಳಿಂದ ರಾಳ, ಮೈಯಿಂದ ಒಗರು ಮೇಲೆ ಬರುತ್ತೆ. ಕಂದು ಬಣ್ಣದಡಿ ಅದು ಯಾರಿಗೂ ಕಾಣಲ್ಲ, ಕೆನೆಬಿಳಿಯಲ್ಲಿ ಕೆಲವೇ ವಾರಗಳಲ್ಲಿ ಚಹಾ ಚೆಲ್ಲಿದ ಹಾಗೆ ಕಲೆ ಏಳುತ್ತೆ. ಅಂಥ ಮರಕ್ಕೆ ಕಲೆ ತಡೆಯೋ ಪ್ರೈಮರ್ ಬೇಕು, ಗಂಟುಗಳಿಗೆ ಅರಗಿನ ಪ್ರೈಮರ್ ಇನ್ನೂ ಒಳ್ಳೇದು.

ಎರಡನೇದು, ಆಯಿಲ್ ಎನಾಮೆಲ್ ಬೇಡ. ಎಣ್ಣೆ ಬಣ್ಣದ ಬಿಳಿ ದಿನ ಕಳೆದಂತೆ ಹಳದಿ ತಿರುಗುತ್ತೆ, ಅದೂ ಬೆಳಕು ಬೀಳದ ಕಡೆ ಜಾಸ್ತಿ. ಒಂದು ಮನೇಲಿ ಬಾಗಿಲ ಒಳಮೈಗೆ ಕ್ಯಾಲೆಂಡರ್ ನೇತುಹಾಕಿದ್ರು. ಅದನ್ನ ತೆಗೆದಾಗ ಅಷ್ಟಗಲ ಚೌಕ ಬೆಣ್ಣೆ ಹಳದಿ, ಸುತ್ತ ತಿಳಿ. ನೀರಿನ ಅಕ್ರಿಲಿಕ್ ಎನಾಮೆಲ್‌ಗೆ ಈ ಕಾಟ ಇಲ್ಲ. ನೀವು ಆಸೆಪಟ್ಟು ಆರಿಸಿದ ಕೆನೆ ಕೆನೆಯಾಗೇ ಉಳಿಯುತ್ತೆ.

ಹೊಳಪು ಎಷ್ಟಿರಬೇಕು? ಪೂರ್ತಿ ಹೊಳೆಯೋ ಗ್ಲಾಸಿ ಆದ್ರೆ ಬ್ರಶ್ ಗೆರೆ, ಪುಟ್ಟಿ ತಗ್ಗು ಎಲ್ಲಾ ಕಾಣುತ್ತೆ. ಹೊಳಪೇ ಇಲ್ಲದ ಮ್ಯಾಟ್ ಆದ್ರೆ ಬೆರಳ ಗುರುತು ಒರೆಸೋಕೆ ಕಷ್ಟ. ನಡುವಿನ ಹೊಳಪಿನ ಸ್ಯಾಟಿನ್ ಅಥವಾ ಸೆಮಿ ಗ್ಲಾಸಿ ತಗೊಳ್ಳಿ. ಒಂದು ಕೋಟ್ ಒಣಗಿದ ಮೇಲೇ ಇನ್ನೊಂದು. ಮುಟ್ಟಿದ್ರೆ ಒಣಗಿದೆ ಅನ್ನಿಸಿದ್ರೂ ಒಳಗೆ ಗಟ್ಟಿಯಾಗೋಕೆ ಎರಡು ಮೂರು ವಾರ ಹಿಡಿಯುತ್ತೆ. ಅಷ್ಟರೊಳಗೆ ಬಿಗಿಯಾಗಿ ಮುಚ್ಚಿಟ್ರೆ ಕದದ ಬಣ್ಣ ಚೌಕಟ್ಟಿಗೆ ಅಂಟಿ ಕಿತ್ತು ಬರುತ್ತೆ. ಬೆಳಗ್ಗೆ ಬೇಗ ಹೊಡೆದು, ಮುಚ್ಚೋ ಹೊತ್ತಿಗೆ ಆದಷ್ಟು ಸಮಯ ಸಿಗೋ ಹಾಗೆ ನೋಡಿಕೊಳ್ಳಿ.

ಉಕ್ಕಿನ ಬಾಗಿಲು ಹಾಕಿಸಿದವರು:

ಕಾರ್ಖಾನೆಯಲ್ಲೇ ಬಣ್ಣ ಹಾಕಿ ಬರೋ ಬಾಗಿಲು ತರಿಸೋರಿಗೆ ಒಂದು ಮಾತು. ಅಲ್ಲಿ ಸಾಮಾನ್ಯವಾಗಿ ರಾಲ್ ಸಂಖ್ಯೆ ಕೇಳ್ತಾರೆ, ಅಂದ್ರೆ ಒಂದೊಂದು ಬಣ್ಣಕ್ಕೂ ಒಂದು ಸಂಖ್ಯೆ ಕೊಟ್ಟಿರೋ ಜರ್ಮನಿಯ ಪಟ್ಟಿ. 9001 ಕ್ರೀಮ್ ವೈಟ್, 1013 ಆಯ್ಸ್ಟರ್ ವೈಟ್, 1015 ಲೈಟ್ ಐವರಿ. 9010ಕ್ಕೆ ಪ್ಯೂರ್ ವೈಟ್ ಅಂತ ಹೆಸರು, ಆದ್ರೆ 9016ರ (ಟ್ರಾಫಿಕ್ ವೈಟ್) ಪಕ್ಕ ಇಟ್ರೆ 9010ರಲ್ಲಿ ಬೆಚ್ಚನೆ ಗೊತ್ತಾಗುತ್ತೆ. ಹೆಸರು ನಂಬಿ ಆರ್ಡರ್ ಕೊಡಬೇಡಿ, ಬಣ್ಣ ಹಾಕಿದ ತಗಡಿನ ತುಂಡು ತರಿಸಿ ಗೋಡೆ ಪಕ್ಕ ನಿಲ್ಲಿಸಿ ನೋಡಿ. ನಿಮ್ಮ ಮನೆಯವರಿಗೆ 9010 ತೋರಿಸಿ ಮೇಡಂ, ಇಬ್ಬರಿಗೂ ಒಪ್ಪಿಗೆ ಆದೀತು.

ಕೇಳಿದವರು:

ಇಷ್ಟು ಮಂದಿ ಇಷ್ಟು ಪ್ರೀತಿಯಿಂದ ಬರೆದಿದ್ದಕ್ಕೆ ಕೈ ಮುಗೀತೀನಿ. ಈ ವಾರ ಮಾಡಿದ್ದು ಹೇಳ್ತೀನಿ. ಎ3 ಅಳತೆಯ ಮೂರು ರಟ್ಟಿಗೆ ಮೂರು ಕೆನೆ, ಎರಡೆರಡು ಕೋಟ್, ಬಿಳಿ ಅಂಚು ಉಳಿಯದ ಹಾಗೆ ತುದಿಯವರೆಗೂ ಹೊಡೆದೆ. ಬಾಗಿಲಿಗೆ ಟೇಪ್ ಹಾಕಿ ನೆಟ್ಟಗೆ ನಿಲ್ಲಿಸಿದೆ. ನೆಲದ ಮೇಲೆ ಮಲಗಿಸಿ ನೋಡಿದಾಗಿನದಕ್ಕಿಂತ ಬಣ್ಣವೇ ಬೇರೆ ಅನ್ನಿಸ್ತು! ಬಿಳಿ ಚೌಕಟ್ಟಿಗೂ ಬೂದು ಕಾಗದ ಸುತ್ತಿದೆ. ಸುತ್ತಿದ ಕ್ಷಣ ಆ ಹಳೇ ಪುಸ್ತಕದ ಹಾಳೆ ಮಾಯ. ಮನೆಯವರು ನೋಡಿ, "ಇದು ಬಿಳೀನೇ ಅಲ್ವಾ?" ಅಂದ್ರು.

ಮೂರು ದಿನ ನೋಡಿದೆ. ಬೆಳಗ್ಗೆ ಮೂರೂ ಚೆಂದ. ಸಂಜೆ ಬಿಸಿಲಿಗೆ ಹಳದಿ ಜಾಸ್ತಿ ಇದ್ದದ್ದು ಮಾವಿನ ಹಣ್ಣಿನ ತಿರುಳಾಯ್ತು. ರಾತ್ರಿ ಬಾಗಿಲ ಮೇಲಿನ ಬಲ್ಬ್ ಹಾಕಿದಾಗ ಮೂರೂ ಬೂದಿ ಬಳಿದ ಹಾಗೆ. ತೆಗೆದು ನೋಡಿದ್ರೆ 6500 ಕೆಲ್ವಿನ್ ಬಲ್ಬ್, ನೀಲಿ ಛಾಯೆಯ ತಣ್ಣನೆ ಬೆಳಕಿನದು. ಹಳದಿ ಛಾಯೆಯ ಬೆಚ್ಚನೆ ಬೆಳಕಿನ 3000ದ್ದು ಹಾಕಿದೆ, ಕೆನೆ ಮತ್ತೆ ಜೀವ ತುಂಬಿಕೊಂಡಿತು. ಕಂದು-ಬೂದು ಬೆರೆತ ಕೆನೆ, ಚೌಕಟ್ಟಿಗೂ ಅದೇ ಅಂತ ನಿರ್ಧಾರ ಆಯ್ತು. ಸ್ಟೀಲ್ ಹಿಡಿಕೆ ಬೂದು ಗೋಡೆಗೆ ಹೊಂದುತ್ತೆ, ಇರಲಿ. ತಂಗಿ ಈಗಾಗ್ಲೇ ಗಾರೆ ಕೆರೀತಿದ್ದಾಳೆ.

ಇನ್ನೊಂದೇ ಪ್ರಶ್ನೆ. ಬಾಗಿಲ ಒಳಮೈ ಮರದ ಬಣ್ಣದಲ್ಲೇ ಇರುತ್ತೆ. ಹಾಗಾದ್ರೆ ದಪ್ಪದ ಅಂಚಿಗೆ ಯಾವ ಬಣ್ಣ?

ಬಣ್ಣದ ಕೆಲಸ ಮಾಡೋರು:

ಬಾಗಿಲು ಒಳಗೆ ತೆರೆಯುತ್ತೆ ಅಂತ ಇಟ್ಕೊಳ್ಳಿ ಅಮ್ಮ. ತೆರೆದಿಟ್ಟಾಗ ಬೀಗದ ಕಡೆ ಅಂಚು ಮನೆಯೊಳಗಿನವರಿಗೆ ಕಾಣುತ್ತೆ, ಅದಕ್ಕೆ ಒಳಗಿನ ಬಣ್ಣ. ಕೀಲಿನ ಕಡೆ ಅಂಚು ಹೊರಗೆ ನಿಂತವರಿಗೆ ಕಾಣುತ್ತೆ, ಅದಕ್ಕೆ ಕೆನೆ. ಹೊರಗೆ ತೆರೆಯೋ ಬಾಗಿಲಾದ್ರೆ ಅದಲು ಬದಲು. ಮೇಲಂಚು, ಕೆಳಂಚು ಯಾವ ಬಣ್ಣವಾದ್ರೂ ಸರಿ, ಬಿಡಬೇಡಿ ಅಷ್ಟೇ. ನೀರು ಮರದೊಳಗೆ ಇಳಿಯೋದೇ ಅಲ್ಲಿಂದ, ಆಮೇಲೆ ಮುಂಭಾಗದ ಬಣ್ಣ ಗುಳ್ಳೆ ಏಳುತ್ತೆ. ಕೆಳಂಚಿಗೆ ಬಣ್ಣ ಬಿದ್ದಿದೆಯಾ ಅಂತ ನೋಡೋಕೆ ಬಾಗಿಲು ಕಳಚಬೇಕಿಲ್ಲ. ತೆಳ್ಳಗಿನ ಕನ್ನಡಿ ಚೂರೊಂದನ್ನ ಕದದಡಿ ನೆಲಕ್ಕೆ ತೂರಿಸಿ, ಟಾರ್ಚ್ ಹಾಕಿ, ಬರೀ ಮರ ಕಂಡ್ರೆ ಪೇಂಟರನ್ನ ವಾಪಸ್ ಕರೀರಿ.